ಕಟ್ಟೆ ಯಾವಾಗ?

“ಶನಿವಾರೀ ಕಟ್ಟಾ ಆಹೇ, ಯೇಣಾರ್ ನಾ?”, ಶನಿವಾರ ಕಟ್ಟೆ ಇದೆ, ಬರ್ತೀಯಲ್ಲ, ಎಂದು ಆಫೀಸಿನ ಮರಾಠಿ ಗೆಳೆಯ ಕೇಳಿದಾಗ ನಾನು ಮುಂಬಯಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಪದ ನಮ್ಮದೇ, ಆದರೂ ತಲೆಗೆ ಹೋಗಲಿಲ್ಲ. ಶನಿವಾರ ಇದ್ದು ಭಾನುವಾರ ಇಲ್ಲದ ಕಟ್ಟೆ ಎಂಥದ್ದು? ನಮ್ಮೂರಿನ ಅಶ್ವತ್ಥಕಟ್ಟೆ ವಾರವಿಡೀ ಅಲ್ಲೇ ಬಿದ್ದಿರುತ್ತಿತ್ತು. ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಹೋದರೆ ಯಾರಾದರೂ ಇದ್ದೇ ಇರುತ್ತಿದ್ದರು.

‘ಕಟ್ಟು’ ಎಂಬ ಕ್ರಿಯಾಪದದಿಂದ ಹುಟ್ಟಿದ ಈ ಪುಟ್ಟ ಪದ ಹೊತ್ತಿರುವ ಹೊರೆ ಸಣ್ಣದಲ್ಲ. ಕೆರೆಕಟ್ಟೆ, ಬಾವಿಕಟ್ಟೆ, ತುಳಸಿಕಟ್ಟೆ. ಮಂಡ್ಯ ಸೀಮೆಯ ಹಳಬರಿಗೆ ಕೆಆರ್‌ಎಸ್ ಇಂದಿಗೂ ಕನ್ನಂಬಾಡಿ ಕಟ್ಟೆ. ವೋಟು ಹಾಕುವಲ್ಲಿ ಮತಗಟ್ಟೆ, ಬೆಂಗಳೂರಿನ ಬಸ್ಸಿನ ಬೋರ್ಡಿನಲ್ಲಿ ಸುಂಕದಕಟ್ಟೆ, ಕರಾವಳಿಯ ದೇವರ ಉತ್ಸವದಲ್ಲಿ ಕಟ್ಟೆಪೂಜೆ. ಧಾರವಾಡದವರು ಇದನ್ನೇ ಕಟ್ಟಿ ಎಂದು ಮನೆಮುಂದೆ ಹಾಕಿಸಿಕೊಂಡು ಸಂಜೆ ಕೂರುತ್ತಾರೆ. ದುಃಖಕ್ಕೂ ಒಂದು ಕಟ್ಟೆಯಿದೆ; ಅದು ಒಡೆದಾಗಲೇ ನಮಗೆ ಗೊತ್ತಾಗುವುದು. ಹರಿದುಹೋಗುವುದನ್ನು ನಿಲ್ಲಿಸಿಕೊಳ್ಳುವುದು ಇದರ ಕಸುಬು, ನೀರಾದರೂ ಸರಿ, ಮನುಷ್ಯರಾದರೂ ಸರಿ.

ಮರಾಠಿಯಲ್ಲಿ ಅದು ಕಟ್ಟಾ ಆಯಿತು. ದಾದರಿನ ಶಿವಾಜಿ ಪಾರ್ಕ್ 1925ರಲ್ಲಿ ಜನರಿಗೆ ತೆರೆದ ಮೈದಾನ. ಅದರ ಸುತ್ತಲಿನ ಮೊಣಕಾಲೆತ್ತರದ ಗೋಡೆಯೇ ಕಟ್ಟಾ, ಒಂದು ಸುತ್ತಿಗೆ ಒಂದು ಕಿಲೋಮೀಟರಿಗೂ ಮಿಕ್ಕಿ ಉದ್ದ. ಸಂಜೆ ಅಲ್ಲಿ ಅಜ್ಜಂದಿರ ಪಕ್ಕ ಪ್ರೇಮಿಗಳು, ಅವರ ಪಕ್ಕ ಕ್ರಿಕೆಟ್ ಕಿಟ್ ಹೊತ್ತ ಹುಡುಗರು. ಅಲ್ಲಿಯವರೆಗೂ ಅದು ಕಲ್ಲಿನದೇ. ಆಮೇಲೆ ಠಾಣೆಯಲ್ಲಿ ಆಚಾರ್ಯ ಅತ್ರೆ ಕಟ್ಟಾ ಎಂಬ ಸಭೆ ಬಂತು, ಟಿವಿಯಲ್ಲಿ ‘ಮಾಝಾ ಕಟ್ಟಾ’ ಬಂತು. ಜಗಲಿಯಿಲ್ಲದ ಚಾಳಿಗೂ ಫ್ಲ್ಯಾಟಿಗೂ ಕಟ್ಟೆ ಬೇಕಾಗಿತ್ತು; ಕಲ್ಲು ತರಲಾಗಲಿಲ್ಲ, ಕೂಡುವುದನ್ನು ಮಾತ್ರ ತಂದರು. ಫೋನಿನಲ್ಲಷ್ಟೇ ಪರಿಚಯವಾದವರು ದಿನ ಗೊತ್ತುಮಾಡಿ ಎದುರುಬದುರು ಕೂತರೆ ಅದೂ ಕಟ್ಟಾ. ನನಗೆ ಈ ಮಾರ್ಪಾಡು ತುಂಬ ಇಷ್ಟ.

ನಾವು ಕೆಲವು ಕನ್ನಡಿಗರೂ ಹೀಗೆ ಸೇರತೊಡಗಿದೆವು, ಸ್ಟೇಷನ್ ಹತ್ತಿರದ ಒಂದು ಪರ್ಮಿಟ್ ರೂಮಿನಲ್ಲಿ. ಕುಡಿಯಲು ಪರವಾನಗಿ ಬೇಕೆಂದ 1949ರ ಪಾನನಿರೋಧ ಕಾಯ್ದೆಯ ನೆನಪು ಬಾರಿನ ಆ ಹೆಸರಿನಲ್ಲಿ ಉಳಿದಿದೆ. ಇಂಥ ಎಷ್ಟೋ ಬಾರುಗಳ ಗಲ್ಲೆಯಲ್ಲಿ ಕೂತವರು ಉಡುಪಿ, ಮಂಗಳೂರು ಕಡೆಯವರೇ. ಕೂಡಿಸಿದ ಎರಡು ಟೇಬಲ್, ಈರುಳ್ಳಿ ನಿಂಬೆ ಹಾಕಿದ ಬೇಯಿಸಿದ ಕಡಲೆ, ಕೆಲವರಿಗೆ ಬಿಯರು, ಕೆಲವರಿಗೆ ಲೈಮ್ ಸೋಡಾ. ಬಿಲ್ಲು ಬಂದರೆ ಮರಾಠಿಗರ ‘ಟಿಟಿಎಂಎಂ’: ತುಝೇ ತೂ, ಮಾಝೇ ಮೀ, ನಿನ್ನದು ನಿನಗೆ, ನನ್ನದು ನನಗೆ.

ಮೊದಲ ಸಲ ಅಂಬರ್‌ನಾಥದಿಂದ ಒಬ್ಬರು ಬಂದಿದ್ದರು. ಯಕ್ಷಗಾನದಲ್ಲಿ ತೆಂಕುತಿಟ್ಟೋ ಬಡಗುತಿಟ್ಟೋ ಎಂದು ನನ್ನೊಡನೆ ವರ್ಷವಿಡೀ ಫೋನಿನಲ್ಲಿ ಜಗಳವಾಡಿದವರು. ಕೂತೊಡನೆ ಕೇಳಿದ್ದು, “ಕೊನೆಯ ಕರ್ಜತ್ ಲೋಕಲ್ ಸಿಗ್ತದಲ್ಲ?” ಆಮೇಲೆ ವಾದ ಶುರುವಾಯಿತು. ಮಾತಿನಲ್ಲಿ ಹೇಳಲಾಗದೆ ಅವರು ಸ್ಟೀಲ್ ಲೋಟ ಬೋರಲು ಹಾಕಿ ಬಡಗಿನ ಚೆಂಡೆಯ ಪೆಟ್ಟನ್ನು ಬೆರಳಲ್ಲಿ ಬಾರಿಸಿದರು. ಬಿಯರು ತಂದ ವೇಟರ್ ಅಲ್ಲೇ ನಿಂತ. “ಹಾಂಗಲ್ಲ ಮಾರಾಯ್ರೆ” ಎಂದು ಬಾಟಲಿಗಳನ್ನು ಇಳಿಸಿ, ಖಾಲಿ ಟ್ರೇಯನ್ನು ಎದೆಗೊತ್ತಿಕೊಂಡು ಬಾರಿಸಿ ತೋರಿಸಿದ. ಕುಂದಾಪುರದವನಂತೆ. ಗಲ್ಲೆಯಿಂದ ಧಣಿ ಕೂಗುವವರೆಗೂ ಅವನ ಬೆರಳು ನಿಲ್ಲಲಿಲ್ಲ. ಅಂಬರ್‌ನಾಥದವರು ಕಣ್ಣುಮುಚ್ಚಿ ತಲೆದೂಗುತ್ತಿದ್ದರು. ವರ್ಷದ ಜಗಳ ಅಲ್ಲಿಗೆ ತೀರಿತು.

ಹೊರಗೆ ಬಂದು ಎಲ್ಲರೂ ಸ್ಟೇಷನ್ ಕಡೆ ಓಡುವಾಗ, ವಿಕ್ರೋಲಿಯಲ್ಲೇ ಹುಟ್ಟಿ ಬೆಳೆದ ಹುಡುಗನೊಬ್ಬ ಸೇತುವೆಯ ಮೆಟ್ಟಿಲಲ್ಲಿ ಹಿಂತಿರುಗಿ, “ಮುಂದಿನ ಕಟ್ಟೆ ಯಾವಾಗ?” ಎಂದ. ಕಟ್ಟೆ ಎಲ್ಲಿ ಎಂದು ಕೇಳುವುದನ್ನಷ್ಟೇ ನಾನು ಕನ್ನಡದಲ್ಲಿ ಕೇಳಿದ್ದೆ. ಯಾರೂ ತಿದ್ದಲಿಲ್ಲ.

“ಎರಡನೇ ಶನಿವಾರ” ಎಂದರು ಅಂಬರ್‌ನಾಥದವರು, ಏದುಸಿರು ಬಿಡುತ್ತ.