ಕ್ಲಚ್ ದ್ರವದ ಬದಲಾವಣೆ

ಕ್ಲಚ್ ದ್ರವದ ಬದಲಾವಣೆ ಎಂದರೆ ದ್ರವದ ಒತ್ತಡದಿಂದ ಕೆಲಸ ಮಾಡುವ ಕ್ಲಚ್ ವ್ಯವಸ್ಥೆಯಿಂದ ಹಳೆಯ ದ್ರವವನ್ನು ಹೊರತೆಗೆದು, ಗಾಳಿ ಸೇರದಂತೆ ಹೊಸ ದ್ರವವನ್ನು ತುಂಬುವ ಕ್ರಿಯೆ. ಕ್ರೀಡಾ ಕಾರುಗಳು, ಜೀಪುಗಳು ಹಾಗೂ ಅನೇಕ ಪ್ರಯಾಣಿಕ ವಾಹನಗಳಲ್ಲಿ ಇದು ಕಾಲಕಾಲಕ್ಕೆ ಮಾಡಬೇಕಾದ ನಿರ್ವಹಣೆಯಾಗಿದೆ. ಸರಿಯಾದ ಸಾಮಗ್ರಿಯಿದ್ದರೆ ಇಬ್ಬರು ಸೇರಿ ಮನೆಯಂಗಳದಲ್ಲಿಯೇ ಇದನ್ನು ಪೂರೈಸಬಹುದು.

ಗ್ಯಾರೇಜುಗಳ ಆಡುಮಾತಿನಲ್ಲಿ ಈ ದ್ರವಕ್ಕೆ ‘ಬ್ರೇಕ್ ಆಯಿಲ್’ ಎಂಬ ಹೆಸರಿದೆ. ಬಹುತೇಕ ವಾಹನಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಬಗೆಯ ದ್ರವ ಬಳಕೆಯಾಗುವುದರಿಂದ ಈ ಹೆಸರು ಅರ್ಧ ಸರಿ; ಆದರೆ ಅದು ಎಣ್ಣೆಯಲ್ಲ. ಹೆಸರನ್ನು ನಂಬಿ ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಭಾಗಗಳು ಉಬ್ಬಿ ಇಡೀ ವ್ಯವಸ್ಥೆ ಕೆಡುತ್ತದೆ.

ಕಾರ್ಯವಿಧಾನ

ಚಾಲಕನು ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ದ್ರವವು ಕೊಳವೆಯ ಮೂಲಕ ಸ್ಲೇವ್ ಸಿಲಿಂಡರಿಗೆ ಒತ್ತಡವನ್ನು ಸಾಗಿಸುತ್ತದೆ. ಸ್ಲೇವ್ ಸಿಲಿಂಡರ್ ಕ್ಲಚ್ಚನ್ನು ಬಿಡಿಸಿದಾಗ ಎಂಜಿನ್ ಮತ್ತು ಗೇರುಪೆಟ್ಟಿಗೆಯ ಸಂಪರ್ಕ ತಪ್ಪಿ ಗೇರು ಬದಲಾಯಿಸಲು ಸಾಧ್ಯವಾಗುತ್ತದೆ. ದ್ರವವು ಒತ್ತಿದರೆ ಕುಗ್ಗುವುದಿಲ್ಲ ಎಂಬ ಗುಣವೇ ಇದಕ್ಕೆ ಆಧಾರ. ಕೊಳವೆಯಲ್ಲಿ ಗಾಳಿ ಅಥವಾ ಆವಿ ಸೇರಿದರೆ ಅದು ಕುಗ್ಗುತ್ತದೆ. ಪೆಡಲ್ ಮೆತ್ತಗಾಗಿ ಕ್ಲಚ್ ಪೂರ್ತಿ ಬಿಡುವುದಿಲ್ಲ.

ಎಲ್ಲ ಕಾರುಗಳಲ್ಲಿಯೂ ಈ ವ್ಯವಸ್ಥೆ ಇರುವುದಿಲ್ಲ. ಮಾರುತಿ 800ರಂತಹ ಸಣ್ಣ ಕಾರುಗಳ ಕ್ಲಚ್ ತಂತಿಯಿಂದ ಕೆಲಸ ಮಾಡುತ್ತದೆ. ಅವುಗಳಲ್ಲಿ ಬದಲಾಯಿಸಲು ದ್ರವವೇ ಇಲ್ಲ. ಕ್ಲಚ್ ಪೆಡಲ್ ಇಲ್ಲದ ಸ್ವಯಂಚಾಲಿತ ಕಾರುಗಳಿಗೂ ಈ ಕ್ರಮ ಅನ್ವಯಿಸುವುದಿಲ್ಲ.

ದ್ರವ ಕೆಡುವ ಕಾರಣ

ಡಬ್ಬಿಯಲ್ಲಿ ದ್ರವದ ಮಟ್ಟ ಸರಿಯಾಗಿದ್ದರೂ ಅದರ ಗುಣ ಕೆಟ್ಟಿರಬಹುದು. ಗ್ಲೈಕಾಲ್ ಆಧಾರಿತ ದ್ರವಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ನೀರಿನಂಶ ಹೆಚ್ಚಿದಂತೆ ಕುದಿಯುವ ಉಷ್ಣಾಂಶ ಇಳಿಯುತ್ತದೆ, ಲೋಹದ ಭಾಗಗಳಿಗೆ ತುಕ್ಕು ಹಿಡಿಯುತ್ತದೆ. ರಬ್ಬರಿನ ಸವಕಳಿ ಮತ್ತು ಕ್ಲಚ್ಚಿನ ಧೂಳಿನಿಂದ ದ್ರವ ಕಪ್ಪಾಗುತ್ತದೆ. ಆದ್ದರಿಂದ ಅನೇಕ ತಯಾರಕರು ಸುಮಾರು 2 ವರ್ಷಕ್ಕೊಮ್ಮೆ ದ್ರವ ಬದಲಾಯಿಸಲು ಸೂಚಿಸುತ್ತಾರೆ. ಮಟ್ಟವು ಪದೇ ಪದೇ ಇಳಿಯುತ್ತಿದ್ದರೆ ಅದು ಸೋರಿಕೆಯ ಗುರುತು. ದ್ರವದ ಬದಲಾವಣೆ ಅದಕ್ಕೆ ಪರಿಹಾರವಲ್ಲ.

ದ್ರವದ ದರ್ಜೆಗಳು

ದ್ರವಗಳನ್ನು ‘ಡಾಟ್’ ದರ್ಜೆಗಳಿಂದ ಗುರುತಿಸಲಾಗುತ್ತದೆ. ಇದು ಅಮೆರಿಕದ ಸಾರಿಗೆ ಇಲಾಖೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಬಂದ ಪದ. ಹೊಸ ದ್ರವದ ಹಾಗೂ ಶೇ. 3.7ರಷ್ಟು ನೀರು ಸೇರಿದ ದ್ರವದ ಕನಿಷ್ಠ ಕುದಿಬಿಂದುಗಳು ಹೀಗಿವೆ:

• ಡಾಟ್ 3: 205 ಮತ್ತು 140 ಡಿಗ್ರಿ ಸೆಲ್ಸಿಯಸ್
• ಡಾಟ್ 4: 230 ಮತ್ತು 155 ಡಿಗ್ರಿ ಸೆಲ್ಸಿಯಸ್
• ಡಾಟ್ 5 ಮತ್ತು ಡಾಟ್ 5.1: 260 ಮತ್ತು 180 ಡಿಗ್ರಿ ಸೆಲ್ಸಿಯಸ್

ಡಾಟ್ 5 ಸಿಲಿಕೋನ್ ಆಧಾರಿತವಾದುದು. ಅದನ್ನು ಉಳಿದವುಗಳೊಂದಿಗೆ ಬೆರೆಸಬಾರದು. ಕೆಲವು ವಾಹನಗಳಲ್ಲಿ ಖನಿಜ ತೈಲವನ್ನೇ ಬಳಸುವುದುಂಟು. ಹೀಗಾಗಿ ಡಬ್ಬಿಯ ಮುಚ್ಚಳದ ಮೇಲೆ ಮತ್ತು ವಾಹನದ ಕೈಪಿಡಿಯಲ್ಲಿ ನಮೂದಿಸಿದ ದರ್ಜೆಯೇ ಅಂತಿಮ.

ಕ್ರೀಡಾ ಕಾರುಗಳಲ್ಲಿ

ಕ್ರೀಡಾ ಕಾರುಗಳಲ್ಲಿ ಎಂಜಿನ್ ಹೆಚ್ಚು ವೇಗದಲ್ಲಿ ತಿರುಗುತ್ತದೆ, ಕ್ಲಚ್ಚಿನ ಸುತ್ತ ಶಾಖವೂ ಹೆಚ್ಚು. ದ್ರವ ಹಳೆಯದಾಗಿದ್ದರೆ ಪೆಡಲ್ ಕೆಳಗೇ ಉಳಿಯುವ ಅಥವಾ ಗೇರು ಬೀಳದಿರುವ ತೊಂದರೆ ಕಾಣಿಸಿಕೊಳ್ಳುತ್ತದೆ. ಕೆಲಸದ ಸುಲಭತೆ ಕಾರಿನ ರಚನೆಯನ್ನು ಅವಲಂಬಿಸಿದೆ. ಮಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನಲ್ಲಿ ಸ್ಲೇವ್ ಸಿಲಿಂಡರ್ ಗೇರುಪೆಟ್ಟಿಗೆಯ ಹೊರಗಿದ್ದು ಕೈಗೆ ಎಟಕುತ್ತದೆ. ಷೆವರ್ಲೆ ಕಾರ್ವೆಟ್ಟಿನ ಐದನೆಯ ತಲೆಮಾರಿನಲ್ಲಿ (1997–2004) ಅದು ಕ್ಲಚ್ ಕವಚದ ಒಳಗಿದೆ. ಬ್ಲೀಡ್ ಸ್ಕ್ರೂ ತಲುಪುವುದು ಕಷ್ಟ. ಅಂತಹ ಕಾರುಗಳ ಮಾಲೀಕರು ಸಂಗ್ರಹ ಡಬ್ಬಿಯ ದ್ರವವನ್ನು ಮಾತ್ರ ಸಿರಿಂಜಿನಿಂದ ತೆಗೆದು ಹೊಸದನ್ನು ತುಂಬಿ, ಪೆಡಲನ್ನು ಹಲವು ಬಾರಿ ಒತ್ತಿ, ಡಬ್ಬಿಯ ದ್ರವ ತಿಳಿಯಾಗುವವರೆಗೆ ಇದನ್ನೇ ಪುನರಾವರ್ತಿಸುವುದುಂಟು. ಇದರಿಂದ ಕೊಳೆ ಕಡಿಮೆಯಾಗುತ್ತದೆಯೇ ಹೊರತು ದ್ರವ ಸಂಪೂರ್ಣ ಬದಲಾಗುವುದಿಲ್ಲ.

ಬದಲಾಯಿಸುವ ಕ್ರಮ

ಮುದ್ರೆ ಒಡೆಯದ ಅರ್ಧ ಲೀಟರ್ ದ್ರವ, ಸಿರಿಂಜ್, ಪಾರದರ್ಶಕ ಪ್ಲಾಸ್ಟಿಕ್ ನಳಿಕೆ, ಬಾಟಲಿ, ಬ್ಲೀಡ್ ಸ್ಕ್ರೂವಿಗೆ ಹೊಂದುವ ಪಾನಾ, ಶುಭ್ರವಾದ ಬಟ್ಟೆ, ಕೈಗವಸು ಮತ್ತು ಕನ್ನಡಕ ಬೇಕಾಗುತ್ತವೆ.

1. ಸಮತಟ್ಟಾದ ನೆಲದಲ್ಲಿ ಕಾರನ್ನು ನಿಲ್ಲಿಸಿ, ಎಂಜಿನ್ ತಣ್ಣಗಾದ ನಂತರ ಚಕ್ರಗಳಿಗೆ ಅಡೆ ಇಡಬೇಕು. ಕಾರನ್ನು ಎತ್ತಬೇಕಾದರೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಕೇವಲ ಜಾಕಿನ ಆಧಾರದಲ್ಲಿರುವ ಕಾರಿನ ಕೆಳಗೆ ಹೋಗಬಾರದು.
2. ಡಬ್ಬಿಯ ಮುಚ್ಚಳದ ಸುತ್ತಲಿನ ಧೂಳನ್ನು ಒರೆಸಿ, ಹಳೆಯ ದ್ರವದ ಹೆಚ್ಚಿನ ಭಾಗವನ್ನು ಸಿರಿಂಜಿನಿಂದ ತೆಗೆದು ಹೊಸದನ್ನು ತುಂಬಬೇಕು. ಡಬ್ಬಿಯ ತಳದ ರಂಧ್ರಕ್ಕೆ ಗಾಳಿ ತಾಗಕೂಡದು.
3. ಸ್ಲೇವ್ ಸಿಲಿಂಡರಿನ ಬ್ಲೀಡ್ ಸ್ಕ್ರೂವಿಗೆ ನಳಿಕೆ ಸಿಕ್ಕಿಸಿ, ಅದರ ಇನ್ನೊಂದು ತುದಿ ಬಾಟಲಿಯಲ್ಲಿನ ಸ್ವಲ್ಪ ಹೊಸ ದ್ರವದಲ್ಲಿ ಮುಳುಗಿರುವಂತೆ ಇಡಬೇಕು.
4. ಒಬ್ಬರು ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿದಾಗ ಇನ್ನೊಬ್ಬರು ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಬೇಕು. ದ್ರವ ಹರಿದು ನಿಂತ ಮೇಲೆ ಸ್ಕ್ರೂವನ್ನು ಬಿಗಿಸಿ, ಅನಂತರವೇ ಪೆಡಲನ್ನು ಬಿಡಬೇಕು. ಈ ಕ್ರಮ ತಪ್ಪಿದರೆ ಗಾಳಿ ಒಳಸೇರುತ್ತದೆ.
5. ನಾಲ್ಕೈದು ಬಾರಿಗೊಮ್ಮೆ ಡಬ್ಬಿಯ ಮಟ್ಟ ನೋಡಿ ದ್ರವ ತುಂಬುತ್ತ, ತಿಳಿಯಾದ, ಗುಳ್ಳೆಯಿಲ್ಲದ ದ್ರವ ಬರುವವರೆಗೆ ಮುಂದುವರಿಸಬೇಕು.
6. ಸ್ಕ್ರೂವನ್ನು ಹದವಾಗಿ ಬಿಗಿಸಿ, ಮಟ್ಟ ಸರಿಪಡಿಸಿ ಮುಚ್ಚಳ ಹಾಕಬೇಕು. ಎಂಜಿನ್ ಚಾಲೂ ಮಾಡಿ ಪೆಡಲ್ ಒತ್ತಿದಾಗ ಹಿಂಬದಿ ಗೇರು ಸದ್ದಿಲ್ಲದೆ ಬೀಳಬೇಕು.

ಅನೇಕ ಕಾರುಗಳಲ್ಲಿ ಕ್ಲಚ್ ಮತ್ತು ಬ್ರೇಕ್ ಒಂದೇ ಡಬ್ಬಿಯಿಂದ ದ್ರವ ಪಡೆಯುತ್ತವೆ. ಅಲ್ಲಿ ಮಟ್ಟ ತೀರ ಇಳಿದರೆ ಬ್ರೇಕಿನಲ್ಲಿಯೂ ಗಾಳಿ ಸೇರುವ ಅಪಾಯವಿದೆ. ಬ್ರೇಕ್ ಪೆಡಲ್ ಗಟ್ಟಿಯಾಗಿದೆಯೆಂದು ಖಚಿತವಾಗುವವರೆಗೆ ವಾಹನವನ್ನು ರಸ್ತೆಗೆ ತರಬಾರದು.

ಚಿಕ್ಕೋಡಿ ಪ್ರದೇಶದಲ್ಲಿ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಈ ನಿರ್ವಹಣೆಗೆ ವಿಶೇಷ ಮಹತ್ವವಿದೆ. ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48 ನಿಪ್ಪಾಣಿಯ ಮೂಲಕ ಸಾಗಿ ತವಂದಿ ಘಾಟ್ ಏರುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಿಧಾನವಾಗಿ ಚಲಿಸುವ ವಾಹನಗಳಲ್ಲಿ ಕ್ಲಚ್ಚಿನ ಬಳಕೆ ಹೆಚ್ಚುತ್ತದೆ. ನಿಪ್ಪಾಣಿಯ ಕಡೆ ಮಳೆಗಾಲದ ತೇವ ಅಧಿಕ. ಪೂರ್ವದ ಅಥಣಿ ಬಯಲುಸೀಮೆಗೆ ಸೇರಿದ್ದು ಬೇಸಿಗೆ ಅಲ್ಲಿ ತೀಕ್ಷ್ಣ. ಕೃಷ್ಣೆ, ದೂಧಗಂಗೆ ಮತ್ತು ವೇದಗಂಗೆಯ ನೆರೆ ಇನ್ನೊಂದು ಕಾರಣ. 2019ರ ಆಗಸ್ಟ್ ತಿಂಗಳಿನ ಮಹಾಪೂರದಲ್ಲಿ ಈ ನದಿತೀರದ ಅನೇಕ ಊರುಗಳು ಜಲಾವೃತವಾದವು. ನೀರಿನಲ್ಲಿ ಮುಳುಗಿದ್ದ ವಾಹನದಲ್ಲಿ ಡಬ್ಬಿ ತುಂಬಿದಂತೆ ಕಂಡರೂ ಕ್ಲಚ್ ಮತ್ತು ಬ್ರೇಕ್ ದ್ರವ ಎರಡನ್ನೂ ಬದಲಾಯಿಸುವುದು ಕ್ಷೇಮ.

ಸುರಕ್ಷತೆ ಮತ್ತು ವಿಲೇವಾರಿ

ಗ್ಲೈಕಾಲ್ ಆಧಾರಿತ ದ್ರವವು ಕಾರಿನ ಬಣ್ಣವನ್ನು ಕಿತ್ತುಹಾಕುತ್ತದೆ. ಚೆಲ್ಲಿದೊಡನೆ ಧಾರಾಳ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಬಹಳ ಹೊತ್ತು ನೀರಿನಿಂದ ತೊಳೆದು ವೈದ್ಯರನ್ನು ಕಾಣಬೇಕು. ಕುಡಿದರೆ ಇದು ವಿಷ. ಹಳೆಯ ದ್ರವವನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಇಡಬಾರದು. ಅದನ್ನು ಚರಂಡಿ, ಬಾವಿ ಅಥವಾ ಕಾಲುವೆಗೆ ಸುರಿಯದೆ, ಹೆಸರು ಬರೆದ ಮುಚ್ಚಿದ ಡಬ್ಬಿಯಲ್ಲಿ ತುಂಬಿ, ಎಂಜಿನ್ ಆಯಿಲ್‌ನೊಂದಿಗೆ ಬೆರೆಸದೆ, ಬಳಸಿದ ದ್ರವಗಳನ್ನು ಸಂಗ್ರಹಿಸುವ ಸೇವಾ ಕೇಂದ್ರಕ್ಕೆ ಒಪ್ಪಿಸಬೇಕು. ತೆರೆದಿಟ್ಟ ಬಾಟಲಿಯಲ್ಲಿ ಉಳಿದ ಹೊಸ ದ್ರವವೂ ತೇವ ಹೀರಿಕೊಳ್ಳುವುದರಿಂದ ಅದನ್ನು ಮುಂದಿನ ಬದಲಾವಣೆಗೆ ಬಳಸಲಾಗದು.