ಮಿಲಾಗ್ರಿಸ್ ಇಗರ್ಜಿಯೂ ನಮ್ಮನೆ ಕಡೆಯುವ ಕಲ್ಲೂ

ನಮ್ಮನೆ ರಿಪೇರಿ ಮುಗಿದು ಎರಡು ತಿಂಗಳಾಯ್ತು. ಅತ್ತೆಯವರಿಗೆ ಮಾತ್ರ ಇನ್ನೂ ಸರಿಯಾಗಿ ನಿದ್ದೆ ಬರುದಿಲ್ಲ. ರಾತ್ರಿ ಎದ್ದು ಕೂತು, "ಇದು ಯಾರ ಮನೆ? ನಮ್ಮದಲ್ಲ" ಅಂತಾರೆ. ಬೇಜಾರಾಗಿ ಪಕ್ಕದ್ಮನೆ ಬಾಯಿಯ ಹತ್ರ ಹೇಳಿದೆ. "ಅಕ್ಕಾ, ನಮ್ಮ ಇಗರ್ಜಿ ಎಷ್ಟು ಸಲ ಹೊಸದಾಗಿದೆ ಗೊತ್ತುಂಟಾ?" ಅಂದ್ರು.

ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯನ್ನು ನಾವೆಲ್ಲ ಬಸ್ಸಲ್ಲಿ ಹೋಗುವಾಗ ನೋಡಿದ್ದೇ. ಮಿಲಾಗ್ರಿಸ್ ಅಂದ್ರೆ ಪೋರ್ಚುಗೀಸಿನಲ್ಲಿ ಪವಾಡಗಳು ಅಂತ ಅರ್ಥ. 1680ರಲ್ಲಿ ಬಿಷಪ್ ತೋಮಸ್ ದೆ ಕಾಸ್ತ್ರೊ ಕಟ್ಟಿಸಿದ್ದು. ಜಾಗ ಕೊಟ್ಟದ್ದು ಕೆಳದಿಯ ರಾಣಿ ಚೆನ್ನಮ್ಮ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ರಾಣಿಯೂ ಇವಳೇ!

ನೂರು ವರ್ಷ ಚೆನ್ನಾಗಿಯೇ ನಡೆಯಿತು. 1784ರಲ್ಲಿ, ಇಂಗ್ಲಿಷರಿಗೆ ಸಹಾಯ ಮಾಡಿದ್ದಾರೆ ಅಂತ ಟಿಪ್ಪು ಸುಲ್ತಾನ ಇಲ್ಲಿನ ಸಾವಿರಾರು ಕ್ರೈಸ್ತರನ್ನು ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಕಳಿಸಿದ. ಇಗರ್ಜಿಯನ್ನೂ ಕೆಡವಿದ್ರು. ದಾರಿಯಲ್ಲೇ ಸತ್ತವರು ಎಷ್ಟೋ ಜನ. 1799ರಲ್ಲಿ ಟಿಪ್ಪು ಸತ್ತ ಮೇಲೆ ಉಳಿದವರು ವಾಪಸ್ ಬಂದ್ರು. ಹದಿನೈದು ವರ್ಷ! ಹೋಗುವಾಗ ಕಂಕುಳಲ್ಲಿದ್ದ ಕೂಸುಗಳು ಬರುವಾಗ ಮೀಸೆ ಬಂದ ಹುಡುಗರು. ಅವರಿಗೆ ಊರೂ ಹೊಸತು, ಇಗರ್ಜಿಯಂತೂ ಇಲ್ಲವೇ ಇಲ್ಲ.

ಆದ್ರೂ ಬೇರೆ ಕಡೆ ಹೋಗ್ಲಿಲ್ಲ. ಮೊದಲು ಒಂದು ಸಣ್ಣ ಪ್ರಾರ್ಥನಾ ಮಂದಿರ ಮಾಡಿಕೊಂಡ್ರು, 1811ರಲ್ಲಿ ದೊಡ್ಡ ಇಗರ್ಜಿ ಕಟ್ಟಿದ್ರು. ಸರಿಯಾಗಿ ನೂರು ವರ್ಷ ಕಳೆದು, 1911ರಲ್ಲಿ, ಅದರ ಮುಂಭಾಗ ಕುಸಿದು ಬಿತ್ತು. ಪುನಃ ಕಟ್ಟಿದ್ರು. ಈಗ ನಾವು ನೋಡುದು ಅದನ್ನೇ.

"ನಮ್ಮಜ್ಜಿ ಹೇಳ್ತಿದ್ರು" ಅಂದ್ರು ಬಾಯಿ, "ಹೊಸ ಇಗರ್ಜಿಯಲ್ಲಿ ಮೊದಮೊದ್ಲು ಹೆಂಗಸರಿಗೆ ಎಲ್ಲಿ ಕೂತ್ರೂ ಸಮಾಧಾನ ಇರ್ಲಿಲ್ಲವಂತೆ. ಅಲ್ಲಿ ನಾಲ್ಕು ಮದುವೆ, ನಾಲ್ಕು ಸಾವು ಆಗಿ, ತೆನೆಹಬ್ಬಕ್ಕೆ ಹೊಸ ಕದಿರು ಒಳಗೆ ಬಂದ ಮೇಲೆಯೇ ನಮ್ಮದು ಅನ್ನಿಸಿದ್ದಂತೆ. ಅಮ್ಮನಿಗೂ ಸ್ವಲ್ಪ ಟೈಮ್ ಕೊಡಿ."

ಮನೆಗೆ ಬಂದು ಯೋಚಿಸಿದೆ. ನೆಲ ಬದಲಿಸಿದೆವು, ಅಡಿಗೆಕೋಣೆ ಬದಲಿಸಿದೆವು. ಐವತ್ತು ವರ್ಷ ಆ ಮನೆಯಲ್ಲಿ ದುಡಿದ ಅತ್ತೆಯವರನ್ನು ಮಾತ್ರ ಒಂದು ಮಾತು ಕೇಳಿರ್ಲಿಲ್ಲ. ಅವರ ಕಡೆಯುವ ಕಲ್ಲು ಬಾವಿಕಟ್ಟೆ ಹತ್ರ ಮಳೆಯಲ್ಲಿ ಬಿದ್ದಿತ್ತು, ಗುಜರಿಗೂ ಯಾರೂ ತಗೊಂಡಿರ್ಲಿಲ್ಲ.

ಮಗನೂ ಇವರೂ ಸೇರಿ ಅದನ್ನು ಒಳಗೆ ತಂದಿಟ್ರು. ಹೊಸ ಟೈಲ್ಸಿಗೆ ಒಂದು ಗೀರೂ ಬಿತ್ತು, ಬೀಳ್ಲಿ. ಅತ್ತೆ ಕಲ್ಲು ತೊಳೆದು ಒಂದು ಮುಷ್ಟಿ ಕಾಯಿತುರಿ ಹಾಕಿ ಕಡೆದ್ರು. ಕೈಯಲ್ಲಿ ಬಲ ಇಲ್ಲ, ಚಟ್ನಿ ತರಿತರಿ ಆಯ್ತು. ಎಲ್ಲರೂ ಕೇಳಿ ಬಡಿಸಿಕೊಂಡು ತಿಂದೆವು.

ನಿನ್ನೆ ರಾತ್ರಿ ಒಮ್ಮೆಯೂ ಏಳ್ಲಿಲ್ಲ. ನಿಮ್ಮಲ್ಲಿ ಯಾರದ್ದಾದ್ರೂ ಮನೆ ರಿಪೇರಿಗೆ ಉಂಟಾದ್ರೆ, ಮೇಸ್ತ್ರಿಯನ್ನು ಕರೆಯುವ ಮೊದಲು ಹಿರಿಯರನ್ನು ಒಮ್ಮೆ ಕೇಳಿ, ಆಯ್ತಾ?