ಬೆಕ್ಕು, ಬಸುರಿ ಮತ್ತು ಒಂದು ಹಳೆಯ ಆಪಾದನೆ

ಕಳೆದ ವರ್ಷದ ಮಳೆಗಾಲದಲ್ಲಿ ನನ್ನ ಅಕ್ಕನ ಮಗಳು ಐದು ತಿಂಗಳ ಬಸುರಿ. ಒಂದು ಸಂಜೆ ಜಡಿಮಳೆಯಲ್ಲಿ ತೊಯ್ದು ತೊಪ್ಪೆಯಾದ ಬೂದು ಪಟ್ಟೆಯ ಹೆಣ್ಣು ಬೆಕ್ಕೊಂದು ಅವಳ ಮನೆಯ ಜಗಲಿಯಲ್ಲಿ ಚಪ್ಪಲಿಗಳ ನಡುವೆ ಬಂದು ಕೂತಿತು. ಅವಳು ಒಂದು ಬಟ್ಟಲಲ್ಲಿ ಹಾಲು ಅನ್ನ ಕಲಸಿ ಇಟ್ಟಳು. ಮೂರನೆಯ ದಿನಕ್ಕೆ ಬೆಕ್ಕು ಮನೆಯೊಳಗಿತ್ತು, ನಾಲ್ಕನೆಯ ದಿನ ಪಂಚಾಯಿತಿ. 'ಪೇಟ್ ಸೇ ಹೈ, ಘರ್ ಮೇಂ ಬಿಲ್ಲಿ ನಕ್ಕೋ' ಎಂದು ಅವಳ ಅತ್ತೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಗಂಡ ಮೊಬೈಲಿನಲ್ಲಿ ಏನನ್ನೋ ಓದಿ ಅತ್ತೆಗಿಂತ ಹೆಚ್ಚು ಹೆದರಿದ್ದ. ರಾತ್ರಿ ನನಗೆ ಫೋನು ಬಂತು. 'ಖಾಲಾ, ನೀವು ಓದಿದವರು. ಬೆಕ್ಕಿನಿಂದ ನಿಜವಾಗಿ ಮಗುವಿಗೆ ತೊಂದರೆ ಆಗುತ್ತಾ, ಇಲ್ಲಾ ಇದೂ ಅತ್ತೆಯವರ ನಜರ್-ತಾವೀಜಿನ ಹಾಗೇನಾ?'

ನಾನು ತಕ್ಷಣ ಉತ್ತರ ಕೊಡಲಾರದೆ ಹೋದೆ. ಅದಕ್ಕೆ ಕಾರಣ ನಮ್ಮ ಚಾಚಿ.

1980ರ ದಶಕದ ಕೊನೆ. ನಾವೆಲ್ಲ ಹೇಮಾವತಿ ದಂಡೆಯ ಊರಿನಲ್ಲಿ ಒಂದೇ ಸೂರಿನಡಿ ಇದ್ದೆವು. ಚಾಚಿಗೆ ಎರಡು ಸಲ ನಾಲ್ಕನೆಯ ತಿಂಗಳಲ್ಲಿ ಬಸಿರು ಇಳಿದಿತ್ತು. ಅವರು ಸಾಕಿದ ಬಿಳಿಯ ಬೆಕ್ಕು ಅವರ ಕಾಲ ಬಳಿಯೇ ಮಲಗುತ್ತಿತ್ತು. ಎರಡನೆಯ ಸಲದ ನಂತರ ದಾದಿ ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿಸಿ ಹೊಳೆಯಾಚೆ ಬಿಟ್ಟುಬರಲು ಆಳಿಗೆ ಹೇಳಿದರು. ಚೀಲ ಕೂಗುತ್ತಾ ಹೋದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಬೆಕ್ಕು ಹೋದ ಮೇಲೂ ಮೂರನೆಯದು ನಿಲ್ಲಲಿಲ್ಲ. ಆಗ ಯಾರೂ ಬೆಕ್ಕಿನ ಮಾತೆತ್ತಲಿಲ್ಲ. ಚಾಚಿಯ ಬಳಿ ತಪ್ಪಾಯಿತೆಂದೂ ಅನ್ನಲಿಲ್ಲ.

ಈ ಆಪಾದನೆ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹಿಂದೆ ಹೋದರೆ ಮೊದಲು ಸಿಗುವುದು ಆಪಾದನೆಯಲ್ಲ, ಆರಾಧನೆ. ಪುರಾತನ ಈಜಿಪ್ಟಿನ ಬಾಸ್ತೆತ್ ದೇವತೆಗೆ ಬೆಕ್ಕಿನ ಮುಖ. ಮನೆ, ಹೆಂಗಸರು, ಹೆರಿಗೆ ಅವಳ ಕಾವಲಿನಲ್ಲಿದ್ದವು. ಮರಿಗಳೊಡನೆ ಕೂತ ಬೆಕ್ಕಿನ ಪುಟ್ಟ ತಾಯಿತಗಳು ಅಲ್ಲಿ ಧಾರಾಳವಾಗಿ ಸಿಕ್ಕಿವೆ. ಮಕ್ಕಳು ಬೇಕೆಂದು ಹರಕೆ ಹೊತ್ತ ಹೆಂಗಸರು ಅವನ್ನು ಧರಿಸುತ್ತಿದ್ದರೆಂದು ವಿದ್ವಾಂಸರು ಹೇಳುತ್ತಾರೆ. ಬೆಕ್ಕು ಹೆರುವುದನ್ನು, ಮರಿಯನ್ನು ಕತ್ತು ಕಚ್ಚಿ ಏಳು ಮನೆ ಸುತ್ತಿಸಿ ಕಾಪಾಡುವುದನ್ನು ಕಂಡವರಿಗೆ ಇದು ವಿಚಿತ್ರ ಅನ್ನಿಸಬೇಕಿಲ್ಲ.

ನಮ್ಮ ದೇಶದಲ್ಲೇ ಬಂಗಾಳದ ಷಷ್ಠಿ ದೇವಿಯ ವಾಹನ ಬೆಕ್ಕು. ಷಷ್ಠಿ ಮಕ್ಕಳನ್ನು ಕೊಡುವವಳು, ಕಾಯುವವಳು. ಜ್ಯೇಷ್ಠ ಮಾಸದಲ್ಲಿ ಅವಳ ವ್ರತ ಮಾಡುವಾಗ ಹೆಂಗಸರು ಒಂದು ಕಥೆ ಹೇಳುತ್ತಾರೆ. ಅದಕ್ಕೆ ಹಲವು ಪಾಠಗಳಿವೆ, ತಿರುಳು ಮಾತ್ರ ಒಂದೇ. ಒಂದು ಮನೆಯ ಸೊಸೆಗೆ ಬಾಯಿಚಪಲ. ಕದ್ದು ತಿನ್ನುವುದು, ಕೇಳಿದರೆ ಬೆಕ್ಕು ತಿಂತು ಅನ್ನುವುದು. ಬೆಕ್ಕಿಗೆ ಏಟು. ಅದು ಷಷ್ಠಿಯ ಬಳಿ ದೂರು ಒಯ್ದಿತು. ಆಮೇಲೆ ಸೊಸೆ ಹೆತ್ತ ಮಗುವನ್ನೆಲ್ಲ ಬೆಕ್ಕು ಒಂದೊಂದಾಗಿ ಎತ್ತಿಕೊಂಡು ಹೋಗಿ ದೇವಿಯ ಮಡಿಲಿಗೆ ಹಾಕಿತು. ಊರಿನ ಬಾಯಲ್ಲಿ ಸೊಸೆ ಮಕ್ಕಳನ್ನು ತಿನ್ನುವ ರಾಕ್ಷಸಿಯಾದಳು. ಕೊನೆಗೆ ಅವಳು ತಪ್ಪೊಪ್ಪಿಕೊಂಡು ಬೆಕ್ಕಿನ ಕ್ಷಮೆ ಬೇಡಿದ ಮೇಲೆಯೇ ಮಕ್ಕಳೆಲ್ಲ ಜೀವಂತ ಮರಳಿದವು. ಈ ಕಥೆ ಓದಿದಾಗ ನನಗೆ ಹೊಳೆದದ್ದು ಇಷ್ಟು: ಒಂದೇ ಮನೆಯಲ್ಲಿ ಬಾಯಿಲ್ಲದವರು ಇಬ್ಬರು, ಬೆಕ್ಕು ಮತ್ತು ಸೊಸೆ. ಆಪಾದನೆ ಮೊದಲು ಒಬ್ಬರ ಮೇಲೆ, ಆಮೇಲೆ ಇನ್ನೊಬ್ಬರ ಮೇಲೆ.

ನಮ್ಮ ಹದೀಸ್ ಗ್ರಂಥಗಳಲ್ಲಿಯೂ ಒಬ್ಬ ಸೊಸೆ ಮತ್ತು ಒಂದು ಬೆಕ್ಕು ಇದ್ದಾರೆ. ಇಮಾಮ್ ಮಾಲಿಕರ ಮುವತ್ತಾದಲ್ಲಿ, ಅಬೂ ದಾವೂದ್ ಮತ್ತು ತಿರ್ಮಿದಿಯಲ್ಲಿ ಬರುವ ಪ್ರಸಂಗ. ಕಬ್ಶಾ ಎಂಬಾಕೆ ತನ್ನ ಮಾವ ಅಬೂ ಕತಾದಾ ಅವರಿಗೆ ವುಜೂಗೆ ನೀರು ಇಟ್ಟಿದ್ದಳು. ಬೆಕ್ಕೊಂದು ಬಂದಾಗ ಮಾವ ಪಾತ್ರೆಯನ್ನೇ ಓರೆ ಮಾಡಿ ಅದಕ್ಕೆ ಕುಡಿಯಲು ಕೊಟ್ಟರು. ಸೊಸೆ ಬೆರಗಾಗಿ ನೋಡಿದಳು. ಆಗ ಅವರು ಪ್ರವಾದಿಯವರು (ಸ) ಹೇಳಿದ್ದನ್ನು ನೆನಪಿಸಿದರು: ಬೆಕ್ಕು ಅಶುದ್ಧವಲ್ಲ, ಅದು ಮನೆಯಲ್ಲಿ ನಿಮ್ಮ ಸುತ್ತಮುತ್ತ ಓಡಾಡಿಕೊಂಡಿರುವ ಜೀವಗಳಲ್ಲಿ ಒಂದು. ಬೆಕ್ಕಿನ ಎಂಜಲು ನೀರಿನ ಬಗ್ಗೆ ಫುಕಹಾಗಳ ಚರ್ಚೆಯೆಲ್ಲ ಇದರಿಂದಲೇ ಹೊರಟಿತು. ಹನಫಿಗಳು ಕೊಂಚ ಹಿಂಜರಿದು ಮಕ್ರೂಹ್ ಅಂದರು, ಶಾಫಿಗಳು ಅದನ್ನೂ ಅನ್ನಲಿಲ್ಲ. ಇಲ್ಲಿ ಒಂದು ಎಚ್ಚರಿಕೆ ಬೇಕು. ಪಾಕ್ ಎನ್ನುವುದು ನಮಾಜಿನ ಲೆಕ್ಕ, ರೋಗಾಣುವಿನ ಲೆಕ್ಕವಲ್ಲ. ಈ ಹದೀಸನ್ನು ಮುಂದಿಟ್ಟು 'ಬೆಕ್ಕಿನಿಂದ ಕಾಯಿಲೆಯೇ ಬರದು' ಎಂದು ವಾದಿಸುವ ಗೆಳೆಯರನ್ನು ನಾನು ಕಂಡಿದ್ದೇನೆ. ಅದು ಹದೀಸಿಗೂ ನ್ಯಾಯವಲ್ಲ, ವೈದ್ಯಕ್ಕೂ ಅಲ್ಲ.

ಯುರೋಪಿನಲ್ಲಿ ಬೆಕ್ಕು ಮಾಟಗಾತಿಯ ಸಂಗಾತಿಯಾಯಿತು. ತೊಟ್ಟಿಲ ಮಗುವಿನ ಉಸಿರನ್ನು ಬೆಕ್ಕು ಹೀರುತ್ತದೆ ಎಂಬ ನಂಬಿಕೆ ಅಲ್ಲಿ ಎಷ್ಟು ಗಟ್ಟಿಯಿತ್ತೆಂದರೆ, 1791ರ ಜನವರಿಯಲ್ಲಿ ಇಂಗ್ಲೆಂಡಿನ ಪ್ಲಿಮತ್ ಬಳಿ ಸತ್ತ ಒಂದು ಮಗುವಿನ ವಿಚಾರಣೆಯಲ್ಲಿ ಸಾವಿಗೆ ಇದೇ ಕಾರಣವೆಂದು ತೀರ್ಮಾನವಾಯಿತು. ನಮ್ಮ ಮನೆಗಳ 'ಕರಿ ಬಿಲ್ಲಿ ಅಂದರೆ ಜಿನ್' ಎಂಬ ಮಾತು ಇದಕ್ಕಿಂತ ಬಹಳ ದೂರದ್ದೇನಲ್ಲ.

ಇಷ್ಟೇ ಆಗಿದ್ದರೆ ಅಕ್ಕನ ಮಗಳಿಗೆ 'ಮೂಢನಂಬಿಕೆ, ಬಿಡು' ಎಂದು ಹೇಳಿ ಫೋನು ಇಡಬಹುದಿತ್ತು. ಆದರೆ ಇಪ್ಪತ್ತನೆಯ ಶತಮಾನದಲ್ಲಿ ವಿಜ್ಞಾನವೂ ಬೆಕ್ಕಿನ ಕಡೆ ಬೆರಳು ತೋರಿಸಿತು. ಅದು ನಡೆದ ಬಗೆ ಒಂದು ಪತ್ತೇದಾರಿ ಕಥೆಯ ಹಾಗಿದೆ.

1908ರಲ್ಲಿ ಟ್ಯುನಿಸ್ ನಗರದ ಪಾಶ್ಚರ್ ಸಂಸ್ಥೆಯಲ್ಲಿ ಚಾರ್ಲ್ಸ್ ನಿಕೋಲ್ ಮತ್ತು ಲೂಯಿ ಮಾನ್ಸೋ ಎಂಬ ವಿಜ್ಞಾನಿಗಳು ಗುಂಡಿ ಎಂಬ, ಇಲಿಯ ಜಾತಿಗೆ ಸೇರಿದ ಪ್ರಾಣಿಯ (ನಮ್ಮ ಅಂಗಿಯ ಗುಂಡಿಯಲ್ಲ) ದೇಹದಲ್ಲಿ ಬಿಲ್ಲಿನ ಆಕಾರದ ಒಂದು ಸೂಕ್ಷ್ಮ ಪರಾವಲಂಬಿ ಜೀವಿಯನ್ನು ಕಂಡರು. ಅದೇ ವರ್ಷ ಬ್ರೆಜಿಲ್ ದೇಶದಲ್ಲಿ ಆಲ್ಫೊನ್ಸೊ ಸ್ಪ್ಲೆಂಡೋರ್ ಮೊಲದಲ್ಲಿ ಅದನ್ನೇ ಕಂಡ. ಮರುವರ್ಷ ಅದಕ್ಕೆ ಟಾಕ್ಸೊಪ್ಲಾಸ್ಮಾ ಗೊಂಡಿಯೈ ಎಂಬ ನಾಮಕರಣವಾಯಿತು. ಗ್ರೀಕಿನಲ್ಲಿ ಟಾಕ್ಸಾನ್ ಎಂದರೆ ಬಿಲ್ಲು. ಟ್ಯುನಿಸಿನ ಗಲ್ಲಿಗಳ ತುಂಬ ಬೆಕ್ಕುಗಳು. ಆದರೂ ಈ ಜೀವಿಗೂ ಬೆಕ್ಕಿಗೂ ಇರುವ ನಂಟು ತಿಳಿಯಲು ಇನ್ನೂ ಆರು ದಶಕ ಬೇಕಾಯಿತು.

ಅದು ಹಸುಗೂಸುಗಳನ್ನು ಕಾಡುತ್ತದೆ ಎಂಬುದು ಖಚಿತವಾದದ್ದು ನ್ಯೂಯಾರ್ಕಿನಲ್ಲಿ. 1938ರಲ್ಲಿ ಹುಟ್ಟಿದ ಒಂದು ಹೆಣ್ಣುಮಗುವಿಗೆ ಮೂರನೆಯ ದಿನವೇ ಸೆಳವು ಬಂತು, ಕಣ್ಣಿನೊಳಗೆ ಗಾಯಗಳಿದ್ದವು, ತಿಂಗಳೊಪ್ಪತ್ತಿಗೆ ಮಗು ತೀರಿಕೊಂಡಿತು. ವುಲ್ಫ್, ಕೋವೆನ್ ಮತ್ತು ಪೇಜ್ ಎಂಬ ವೈದ್ಯರು ಅದರ ಮೆದುಳಿನಲ್ಲಿ ಈ ಜೀವಿಯನ್ನು ಕಂಡು 1939ರಲ್ಲಿ ಪ್ರಕಟಿಸಿದರು. ತಾಯಿಗೆ ಬಸಿರಿನಲ್ಲಿ ಮೊದಲ ಸಲ ಸೋಂಕು ತಗುಲಿದರೆ ಅದು ಮಗುವಿಗೆ ದಾಟಬಲ್ಲದು; ತಾಯಿಗೆ ಮಾತ್ರ ಸಣ್ಣ ಜ್ವರವೋ, ಅದೂ ಇಲ್ಲವೋ.

ತಾಯಿಗೆ ಎಲ್ಲಿಂದ ಬಂತು? ಪ್ಯಾರಿಸಿನ ಜಾರ್ಜ್ ದೆಮೋಂ ಮತ್ತು ಸಂಗಡಿಗರು 1965ರಲ್ಲಿ ಕೊಟ್ಟ ಉತ್ತರ ಅಡುಗೆಮನೆಯತ್ತ ತೋರಿಸಿತು. ಕ್ಷಯದ ಮಕ್ಕಳಿದ್ದ ಒಂದು ಆಸ್ಪತ್ರೆಯಲ್ಲಿ ಪುಷ್ಟಿಗೆಂದು ಅರೆಬೆಂದ ಮಾಂಸ ಕೊಡುವ ರೂಢಿಯಿತ್ತು. ಹೊರಗಿನ ಮಕ್ಕಳಿಗಿಂತ ಇವರಲ್ಲಿ ಸೋಂಕು ಹಲವು ಪಟ್ಟು ಹೆಚ್ಚಿತ್ತು. ಅರೆಬೆಂದ ಕುರಿಮಾಂಸವನ್ನೂ ಸೇರಿಸಿದಾಗ ಅದು ಮತ್ತೆ ಏರಿತು. ಆದರೆ ಮಾಂಸವನ್ನೇ ಮುಟ್ಟದವರಲ್ಲೂ ಸೋಂಕು ಇತ್ತಲ್ಲ, ಅದು ಹೇಗೆ? ಅದೇ ವರ್ಷ ಗ್ಲಾಸ್ಗೋದಲ್ಲಿ ಹಚಿಸನ್ ಎಂಬಾತ ಬೆಕ್ಕಿನ ಮಲದಿಂದ ಸೋಂಕು ದಾಟಿಸಿ ತೋರಿಸಿದ. 1970ರ ಹೊತ್ತಿಗೆ ಹಲವು ತಂಡಗಳು ಒಗಟನ್ನು ಬಿಡಿಸಿದವು. ಅವರಲ್ಲಿ ಒಬ್ಬರು ಭಾರತದಲ್ಲಿ ಹುಟ್ಟಿ, ಪಶುವೈದ್ಯ ಓದಿ ಹೊರಗೆ ಹೋದ ಜಿತೇಂದ್ರ ದುಬೆ. ಈ ಜೀವಿಯ ಸಂತಾನದ ಚಕ್ರ ಪೂರ್ಣಗೊಳ್ಳುವುದು ಬೆಕ್ಕಿನ ವಂಶದ ಪ್ರಾಣಿಗಳ ಕರುಳಿನಲ್ಲಿ ಮಾತ್ರ. ಅಲ್ಲಿಂದ ಮೊಟ್ಟೆಯಂಥ ಕೋಶಗಳು ಮಲದೊಡನೆ ಮಣ್ಣು ಸೇರುತ್ತವೆ. ಮಣ್ಣಿನಿಂದ ಸೊಪ್ಪಿಗೆ, ನೀರಿಗೆ, ಮೇಯುವ ಕುರಿಗೆ.

ಬೆಕ್ಕು ಸಿಕ್ಕಿಬಿದ್ದಿತು. ಆದರೆ ಆಪಾದನಾ ಪಟ್ಟಿಯನ್ನು ಪೂರ್ತಿ ಓದಿದವರು ಕಡಿಮೆ. ಬೆಕ್ಕು ಈ ಕೋಶಗಳನ್ನು ಹೊರಹಾಕುವುದು ಸಾಮಾನ್ಯವಾಗಿ ತನಗೆ ಮೊದಲ ಸಲ ಸೋಂಕು ತಗುಲಿದಾಗ, ಒಂದರಿಂದ ಮೂರು ವಾರ. ಬೇಟೆ ಕಲಿಯುವ ಎಳೆಯ ಬೆಕ್ಕುಗಳಲ್ಲಿ ಇದು ಹೆಚ್ಚು. ಹೊರಬಿದ್ದ ಕೋಶ ಸೋಂಕು ಹರಡುವಷ್ಟು ಬಲಿಯಲು ಒಂದರಿಂದ ಐದು ದಿನ ಹಿಡಿಯುತ್ತದೆ. ಬೆಕ್ಕು ಸದಾ ಮೈ ನೆಕ್ಕಿಕೊಳ್ಳುವುದರಿಂದ ಅದರ ತುಪ್ಪಳದಲ್ಲಿ ಅವು ಉಳಿಯುವುದು ಅಪರೂಪ. 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಯುರೋಪಿನ ಆರು ನಗರಗಳ ಗರ್ಭಿಣಿಯರ ಅಧ್ಯಯನವೊಂದನ್ನು ಪ್ರಕಟಿಸಿತು. ಸೋಂಕಿತರು 252, ಹೋಲಿಕೆಗೆಂದು ನೋಡಿದವರು 858. ಸೋಂಕಿನಲ್ಲಿ ಸರಿಯಾಗಿ ಬೇಯದ ಮಾಂಸದ ಪಾಲು ಶೇ. 30ರಿಂದ 63, ಮಣ್ಣಿನ ಒಡನಾಟದ್ದು ಶೇ. 6ರಿಂದ 17. ಬೆಕ್ಕಿನ ಒಡನಾಟ ಅಪಾಯದ ಕಾರಣವಾಗಿ ಕಾಣಿಸಿಕೊಳ್ಳಲೇ ಇಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು: 1996ರ ನಾರ್ವೆಯ ಅಧ್ಯಯನದಲ್ಲಿ ಬೆಕ್ಕಿನ ಮಲದ ತಟ್ಟೆ ತೊಳೆಯುವ ಕೆಲಸ ಅಪಾಯದ ಪಟ್ಟಿಯಲ್ಲಿತ್ತು, ಹಸಿ ಕೈಮಾ ಮತ್ತು ತೊಳೆಯದ ಚಾಕುವಿನ ಜೊತೆಗೆ.

ಕೈಮಾ ಎಂದ ಕೂಡಲೇ ನನಗೆ ನಮ್ಮ ಬಕ್ರೀದಿನ ಅಡುಗೆಮನೆ ಕಣ್ಣಿಗೆ ಬಂತು. ಕಬಾಬಿನ ಮುದ್ದೆಗೆ ಉಪ್ಪು ಸರಿಯಿದೆಯೇ ಎಂದು ಹಸಿಯಾಗಿಯೇ ನಾಲಿಗೆಗೆ ಹಚ್ಚಿಕೊಂಡು ನೋಡುವುದು, ಮಾಂಸ ಹೆಚ್ಚಿದ ಮಣೆಯ ಮೇಲೆಯೇ ಕೊತ್ತಂಬರಿ ಕೊಚ್ಚುವುದು. ಬಸುರಿ ಸೊಸೆಯಾದರೂ ಹಬ್ಬದ ದಿನ ಈ ಕೆಲಸಕ್ಕೆ ರಜೆಯಿಲ್ಲ. ಬೆಕ್ಕನ್ನು ಓಡಿಸಿದ ಮನೆಯಲ್ಲೂ ಮಣೆ ಮಾತ್ರ ಅದೇ.

ನಮ್ಮಲ್ಲಿ ಈ ವಿಜ್ಞಾನ ಇನ್ನೊಂದು ದಾರಿಯಿಂದ ಬಂದು ಹಳೆಯ ಆಪಾದನೆಗೆ ಹೊಸ ಕಾಗದ ಒದಗಿಸಿತು. ಅದರ ಹೆಸರು ಟಾರ್ಚ್ ಪರೀಕ್ಷೆ. ಹಸುಗೂಸುಗಳನ್ನು ಕಾಡುವ ಕೆಲವು ಸೋಂಕುಗಳ ಇಂಗ್ಲಿಷ್ ಮೊದಲಕ್ಷರ ಜೋಡಿಸಿ 1971ರಲ್ಲಿ ಅಮೆರಿಕದ ನಾಹ್ಮಿಯಾಸ್ ಮತ್ತು ಸಂಗಡಿಗರು ಇಟ್ಟ ಹೆಸರು ಅದು. ನಮ್ಮ ಊರುಗಳಲ್ಲಿ ಬಸಿರು ನಿಲ್ಲದ ಹೆಂಗಸರಿಗೆಲ್ಲ ಈ ಪರೀಕ್ಷೆ ಬರೆದುಕೊಡುವ ರೂಢಿ ಬೆಳೆಯಿತು. ಚೀಟಿಯಲ್ಲಿ 'ಟಾಕ್ಸೊ ಐಜಿಜಿ ಪಾಸಿಟಿವ್' ಎಂದು ಬಂದರೆ ಮುಗಿಯಿತು: ಮನೆಯಲ್ಲಿ ಬೆಕ್ಕಿದೆಯಾ? ಐಜಿಜಿ ಹೇಳುವುದು ಹಿಂದೆಂದೋ ಸೋಂಕು ಬಂದು ಹೋಗಿದೆ ಎಂದಷ್ಟೆ. ಬಸಿರಿಗೆ ಮೊದಲೇ ಬಂದುಹೋಗಿದ್ದರೆ ಅದು ಒಂದು ರೀತಿಯ ರಕ್ಷೆ. ಐಜಿಎಂ ಕೂಡ ತಿಂಗಳುಗಟ್ಟಲೆ ಉಳಿಯಬಲ್ಲದು. ಪದೇ ಪದೇ ಗರ್ಭಪಾತವಾಗುವವರಲ್ಲಿ ಈ ಪರೀಕ್ಷೆಯಿಂದ ಪ್ರಯೋಜನವಿಲ್ಲ ಎಂದು ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2003ರಲ್ಲೇ ಬರೆದಿತ್ತು. ಒಂದೇ ಸೋಂಕು ಒಬ್ಬಳ ಬಸಿರನ್ನು ಮೂರು ಸಲ ಕೆಡಿಸುವುದಿಲ್ಲ. ಈ ಸಾಲನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಅಕ್ಕನ ಮಗಳಿಗೂ ಪರೀಕ್ಷೆ ಮಾಡಿಸಿದರು. ನೆಗೆಟಿವ್ ಬಂತು. ಅತ್ತೆ 'ಅಲ್ಹಮ್ದುಲಿಲ್ಲಾಹ್' ಎಂದು ಹಗುರಾದರು. ಹಗುರಾಗುವ ವಿಷಯವೇನೂ ಆಗಿರಲಿಲ್ಲ. ನೆಗೆಟಿವ್ ಅಂದರೆ ಅವಳಲ್ಲಿ ರಕ್ಷೆಯಿಲ್ಲ, ಬಸಿರಿನಲ್ಲಿ ಮೊದಲ ಸೋಂಕು ತಗುಲಬಹುದಾದವಳು ಅವಳೇ. ನಾನು ಓದಿದ್ದನ್ನೆಲ್ಲ ಹೇಳಿದೆ. ಮೊದಲೇ ಸಾಕಿದ ಬೆಕ್ಕನ್ನು ಯಾರೂ ಓಡಿಸಬೇಕಿಲ್ಲ, ಅದರ ಮರಳಿನ ತಟ್ಟೆಯನ್ನು ದಿನವೂ ಬೇರೆಯವರು ಚೊಕ್ಕಟ ಮಾಡಿದರೆ ಸಾಕು. ಆದರೆ ಬಸಿರಿನಲ್ಲಿ ಬೀದಿಯ ಹೊಸ ಬೆಕ್ಕನ್ನು, ಅದರಲ್ಲೂ ಮರಿಗಳನ್ನು ಮನೆಗೆ ತಂದುಕೊಳ್ಳಬೇಡಿ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಅದು ಎಲ್ಲಿ ಏನು ತಿಂದು ಬಂದಿದೆಯೋ ಗೊತ್ತಿಲ್ಲವಲ್ಲ. ಮಾಂಸ ಪೂರ್ತಿ ಬೇಯಲಿ, ಸೊಪ್ಪು ತೊಳೆಯಲಿ, ಹೂಕುಂಡದ ಮಣ್ಣು ಮುಟ್ಟಿದರೆ ಕೈ ತೊಳೆಯಲಿ, ಕಬಾಬಿನ ಉಪ್ಪನ್ನು ಇನ್ಯಾರಾದರೂ ನೋಡಲಿ. ಅವಳು ಫೋನಿನಲ್ಲಿ ಅತ್ತಳು. 'ಅಂದರೆ ಅತ್ತೆ ಹೇಳಿದ್ದೇ ಸರಿ, ಅಲ್ವಾ ಖಾಲಾ?' ಸರಿ ಇರಬಹುದು, ಕಾರಣ ಬೇರೆ ಅಂದೆ. ಕಾರಣ ಬೇರೆಯಾದರೆ ಬೆಕ್ಕಿಗೆ ಕೊಡುವ ಶಿಕ್ಷೆಯೂ ಬೇರೆಯಾಗಬೇಕು, ಗೋಣಿಚೀಲ ಬೇಕಿಲ್ಲ.

ಆಗ ಚಾಚಿಗೆ ಹೇಳಿದೆ. ಅವರಿಗೀಗ ಎಪ್ಪತ್ತರ ಹತ್ತಿರ, ಹೇಮಾವತಿಯ ಆಚೆ ದಡದ ಬಡಾವಣೆಯಲ್ಲಿ ಒಬ್ಬರೇ ಇದ್ದಾರೆ. 'ನನಗೇನು ಬಸಿರಾ ಬಾಣಂತನವಾ, ನನ್ನ ಮನೆಗೆ ಬರಲಿ. ಹೆರಿಗೆ ಆಗೋವರೆಗೆ ಅಮಾನತ್ ಅಂತ ಇಟ್ಟುಕೊಳ್ತೀನಿ' ಎಂದರು. ಮರುದಿನ ತಾವೇ ಆಟೋ ಮಾಡಿಕೊಂಡು ಬಂದರು. ಕೈಯಲ್ಲಿ ಮುಚ್ಚಳವಿದ್ದ ಬಿದಿರಿನ ಬುಟ್ಟಿ, ಒಳಗೆ ಹಳೆಯ ದುಪ್ಪಟ್ಟಾ ಹಾಸಿತ್ತು. ಸೇತುವೆ ದಾಟುವಾಗ ಬೆಕ್ಕು ಕೂಗಿತಂತೆ, ಮುಚ್ಚಳ ಸ್ವಲ್ಪ ಸರಿಸಿ ಬೆರಳು ಒಳಗಿಟ್ಟರಂತೆ, ಸುಮ್ಮನಾಯಿತಂತೆ.

ಮಗುವಿಗೆ ಈಗ ಏಳು ತಿಂಗಳು, ಅಂಬೆಗಾಲಿಡುತ್ತಿದೆ. ಬೆಕ್ಕು ಇನ್ನೂ ಚಾಚಿಯ ಮನೆಯಲ್ಲೇ ಇದೆ. ಅಕ್ಕನ ಮಗಳು ವಾಪಸು ಕೊಡುವ ಮಾತೆತ್ತಿದರೆ ಚಾಚಿ ಚಹಾ ತರಲು ಒಳಗೆ ಹೋಗಿಬಿಡುತ್ತಾರೆ.